ಹೆಪ್ಪು ಕೊಟ್ಟ ಹಾಗೆ

ಕೊಟ್ಟರೆ ಕಡಿಮೆಯಾಗುವಂಥದ್ದಲ್ಲ ಅಂತಲೇ ಕೊಟ್ಟೆ,
ಗೋಡೆಯಾಚೆಯಿಂದ ಲೋಟ ಚಾಚಿದ ಹಾಲಮ್ಮನಿಗೆ
ಒಂದು ಚಮಚ ಹೆಪ್ಪು ಕೊಟ್ಟ ಹಾಗೆ.
ದೀಪ ಹಚ್ಚಿದ ಮೇಲೆ ಮೊಸರು ಕೊಡಬಾರದಂತೆ, ಅದನ್ನೂ ಕೊಟ್ಟಿದ್ದೇನೆ.
ಅವಳ ಮಗಳಿಗೆ ಪರೀಕ್ಷೆ. ಮೊಬೈಲಿನ ಡೇಟಾ ಮಧ್ಯಾಹ್ನಕ್ಕೇ ಖಾಲಿ.
ಸೀಗೆಹಟ್ಟಿಯ ಈ ವಠಾರದಲ್ಲಿ
ಒಬ್ಬರ ಒಗ್ಗರಣೆಗೆ ಇನ್ನೊಬ್ಬರ ಸೀನು,
ವೈಫೈಗೆ ಮಾತ್ರ ಯಾಕೆ ಮಡಿ?

ಪಾಸ್‌ವರ್ಡು: ಹುಚ್ಚಮ್ಮ, ಆಮೇಲೆ ಒಂದು ಒಂಬತ್ತು ಮೂರು ಎಂಟು.
ನನ್ನ ಅಮ್ಮ.
ಮೊದಲಿನ ಮೂರು ಕೂಸು ಉಳಿಯದೆ ನಾಲ್ಕನೆಯದಕ್ಕೆ,
ಸಾವು ಮೂಗು ಮುರಿದು ಬಿಟ್ಟುಹೋಗಲೆಂದು, ಇಟ್ಟ ಹೆಸರು.
ಮದುವೆಯಲ್ಲಿ ಸರೋಜ ಮಾಡಿದರು.
ರೇಷನ್ ಕಾರ್ಡು, ಮತಪಟ್ಟಿ, ಕೊನೆಯ ಪತ್ರ, ಎಲ್ಲದರಲ್ಲೂ ಸರೋಜ.
ಹಳೆಯದು ಗೊತ್ತಿದ್ದವರಲ್ಲಿ ಉಳಿದವಳು ನಾನೊಬ್ಬಳೇ.
ಮೂವತ್ತು ವರ್ಷ ದುರ್ಗಿಗುಡಿಯಲ್ಲಿ ಟೈಪಿಂಗ್ ಕಲಿಸಿದವಳು,
ಯಾರೂ ಊಹಿಸದ ಪದ ಹುಡುಕುವಾಗ
ಬೆರಳು ತಾವಾಗಿಯೇ ಅಲ್ಲಿಗೆ ಹೋದವು.
ಬ್ಯಾಂಕಿನ ಗುಟ್ಟಿನ ಪ್ರಶ್ನೆಗೂ ಅದೇ ಉತ್ತರ ಕೊಟ್ಟಿದ್ದೆ.
ಈಗ ಹೇಳಿ ಪ್ರಯೋಜನವಿಲ್ಲ.

ವಾರದೊಳಗೆ ಮಹಡಿಮನೆಯ ಐರಿನ್‌ಗೆ ಗೊತ್ತಾಯಿತು,
ಅವಳ ತಮ್ಮನಿಗೆ, ತಮ್ಮನ ಗೆಳೆಯರಿಗೆ,
ಹಿತ್ತಿಲ ಕೋಣೆಯ ಟೈಲ್ಸ್ ಕೆಲಸದ ಹುಡುಗರಿಗೆ.
ಮಕ್ಕಳು ಓಣಿಯ ಆ ತುದಿಯಿಂದ ಕೂಗುತ್ತಿದ್ದರು:
"ಹುಚ್ಚಮ್ಮ ಬಂದ್ಲೇನೋ?"
"ಇಲ್ಲ ಕಣೋ, ಸುಮ್ನೆ ಸುತ್ತು ಹೊಡೀತಾ ಇದಾಳೆ!"
ಬಟ್ಟೆ ಹಿಂಡುತ್ತಿದ್ದವಳು ತಲೆಯೆತ್ತುತ್ತಿದ್ದೆ.
ಮೊದಲು ಸಿಟ್ಟು.
ಆಮೇಲೆ, ಹೇಳಬಾರದು, ಒಂಥರಾ ಖುಷಿ.
ಅಷ್ಟು ಗಟ್ಟಿಯಾಗಿ ಅವಳನ್ನು ಯಾರು ಕರೆದಿದ್ದರು?

ಒಂದು ಬೆಳಿಗ್ಗೆ ಹೆಲ್ಮೆಟ್ ಕಂಕುಳಲ್ಲಿಟ್ಟುಕೊಂಡು
ಸೈಬರ್ ಠಾಣೆಯ ಪೇದೆ ಬಂದ.
ಬೂಟು ಬಿಚ್ಚಲೋ ಬೇಡವೋ ಎಂದು ಹೊಸ್ತಿಲಲ್ಲೇ ನಿಂತ.
"ಹನ್ನೊಂದನೇ ತಾರೀಕು, ರಾತ್ರಿ ಎರಡೂ ಹತ್ತು.
ದಾವಣಗೆರೆಯ ಒಬ್ರು ಮೇಷ್ಟ್ರ ಖಾತೆ ಬೋಳಿಸಿದಾರೆ.
ಕನೆಕ್ಷನ್ನು ನಿಮ್ಮ ಹೆಸರಲ್ಲಿದೆ, ಮೇಡಂ."
ಆ ಹೊತ್ತಿಗೆ ನಾನು ಮೊಣಕಾಲಿಗೆ ಎಣ್ಣೆ ಹಚ್ಚಿ ಮಲಗಿದ್ದೆ.
ಅದನ್ನು ಯಾವ ಕಾಗದ ಹೇಳುತ್ತದೆ?
"ಬೇರೆ ಯಾರ್ಯಾರು ಬಳಸ್ತಾರೆ?"
ಗೋಡೆಯಾಚೆ ಹಾಲಮ್ಮನ ಕುಟ್ಟಾಣಿ ಸದ್ದು ನಿಂತಿತು.

ಆ ರಾತ್ರಿ ಕನ್ನಡಕ ಒರೆಸಿಕೊಂಡು ರೂಟರಿನ ಒಳಪುಟ ತೆರೆದೆ.
ಹದಿನಾಲ್ಕು ಫೋನು, ಬಂದ ಹೊತ್ತು, ಹೋದ ಹೊತ್ತು.
ಹಾಲಮ್ಮನ ಮಗಳದು ನಸುಕಿನ ಮೂರಕ್ಕೂ ಎಚ್ಚರ;
ಅವಳ ಪರೀಕ್ಷೆ ಮುಗಿದು ತಿಂಗಳಾಯಿತು.
ಐರಿನ್‌ಳ ಗಂಡ ಭದ್ರಾವತಿಯಲ್ಲಿ ರಾತ್ರಿ ಪಾಳಿ ಅನ್ನುತ್ತಾನೆ,
ಫೋನು ಎರಡು ವಾರದಿಂದ ಮಹಡಿಯಲ್ಲೇ ಇದೆ.
ಇದೆಲ್ಲ ನನಗೆ ಯಾಕೆ ಗೊತ್ತಾಗಬೇಕಿತ್ತು?
ಪೇದೆ ಅನುಮಾನಪಟ್ಟದ್ದು ನನ್ನೊಬ್ಬಳನ್ನು.
ನಾನು, ಕೂತಲ್ಲೇ, ವಠಾರವನ್ನೆಲ್ಲ.
ಕೊನೆಯ ಒಂದಕ್ಕೆ ಹೆಸರೇ ಇರಲಿಲ್ಲ, ಬರೀ ಅಂಕಿ.
ರಾತ್ರಿ ಮಾತ್ರ ಬರುವುದು,
ಓಣಿಯ ಕಡೆಯಿಂದಲೋ ಹೊಳೆಯ ಕಡೆಯಿಂದಲೋ.

ಬೆಳಗಾಗುವ ಮುಂಚೆ ಬದಲಾಯಿಸಿದೆ.
ಹೊಸದು ಹದಿನಾರು ಅಕ್ಷರ. ಅರ್ಥವಿಲ್ಲ.
ಯಾರ ಮಗಳೂ ಅಲ್ಲ, ಯಾರ ತಾಯಿಯೂ ಅಲ್ಲ.
ಯಾರಾದರೂ ಬಂದು ಕೇಳಿದ್ದರೆ ಜಗಳವಾದರೂ ಆಡಬಹುದಿತ್ತು.
ಐರಿನ್ ಮೆಟ್ಟಿಲಿಳಿಯುವಾಗ ನಕ್ಕಳು, ಅಳೆದು ಸುರಿದಂಥ ನಗು.
ಮಕ್ಕಳು ಎರಡು ದಿನ
"ಹುಚ್ಚಮ್ಮ ಸತ್ತೋದ್ಲು" ಅಂತ ಕೂಗಿ ಮರೆತರು.
ಮೇಷ್ಟ್ರ ದುಡ್ಡು ಸಿಕ್ಕಿತೋ ಇಲ್ಲವೋ,
ಪೇದೆ ಮತ್ತೆ ಈ ಕಡೆ ಬಂದಿಲ್ಲ.

ನಿನ್ನೆ ಸಂಜೆ ಹಾಲಮ್ಮ ಗೋಡೆಯ ಮೇಲೆ ಲೋಟ ಇಟ್ಟಳು.
ಮಾತಿಲ್ಲ.
ಒಂದು ಚಮಚ ಹಾಕಿದೆ.
ಕೈ ತಡೆಯದೆ ಇನ್ನೊಂದು ಹಾಕಿದೆ.
ಹೆಪ್ಪು ಹೆಚ್ಚಾದರೆ ಮೊಸರು ಹುಳಿಯಾಗುತ್ತದೆ,
ಇಬ್ಬರಿಗೂ ಗೊತ್ತು.